ಹೊಳೆಯದ ಒಂದು ಚುಕ್ಕೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಇಡೀ ಲ್ಯಾಬಿಗೆ ಗೊತ್ತು. ಬೆನ್ನ ಹಿಂದೆ ‘ಪಟಾಕಿ’ ಅಂತಾರೆ. ಅನ್ನಲಿ ಬಿಡಿ. ಇಪ್ಪತ್ತೆರಡು ವರ್ಷದಿಂದ ಹಸುಗೂಸುಗಳ ರಕ್ತ ಪರೀಕ್ಷೆ ಮಾಡ್ತಾ ಬಂದವಳು ನಾನು, ಎದುರಿಗೆ ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರೋಕೆ ನನ್ನಿಂದ ಆಗಲ್ಲ. ಮನೆಯಲ್ಲಿ ನಮ್ಮ ಯಜಮಾನರದ್ದು ಇನ್ನೊಂದು ಕುಟುಕು. “ನಿನ್ನ ಕಿಣ್ವಗಳಿಗೆಲ್ಲ ಮೂವತ್ತೇಳು ಡಿಗ್ರಿ ಬಿಸಿ ಸಾಕು ಅಂತೀಯಲ್ಲ, ನೀನ್ಯಾಕೆ ಯಾವಾಗಲೂ ನೂರರಲ್ಲೇ ಇರ್ತೀಯ?” ಅಂತ ಕೇಳ್ತಾರೆ. ಈಗ ಹೇಳೋ ಸಂಗತಿಯಲ್ಲಿ ಆ ನೂರು ಡಿಗ್ರಿಯಿಂದ ಒಂದು ಕೂಸಿನ ಪ್ರಾಣಕ್ಕೇ ಕುತ್ತು ಬಂದಿತ್ತು. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮ ಕೆಲಸ ಹೇಳೋಕೆ ಸುಲಭ. ಮಗು ಹುಟ್ಟಿದ ಮೂರನೇ ದಿನ ಆಸ್ಪತ್ರೆಯವರು ಅದರ ಹಿಮ್ಮಡಿಗೆ ಸೂಜಿ ತಾಗಿಸಿ, ನಾಲ್ಕು ಹನಿ ರಕ್ತವನ್ನು ಒಂದು ದಪ್ಪ ಕಾಗದದ ಕಾರ್ಡಿನ ಮೇಲೆ ಇಳಿಸ್ತಾರೆ. ನೆರಳಲ್ಲಿ ನಾಲ್ಕು ಗಂಟೆ ಒಣಗಿಸಿ, ಲಕೋಟೆಯಲ್ಲಿಟ್ಟು ನಮಗೆ ಕಳಿಸ್ತಾರೆ. ನಾನು ಆ ಒಣಗಿದ ಕಲೆಯಿಂದ ಸಾಸಿವೆಗಿಂತ ಒಂಚೂರು ದೊಡ್ಡ ಬಿಲ್ಲೆ ಕತ್ತರಿಸಿ, ಪ್ಲಾಸ್ಟಿಕ್ ತಟ್ಟೆಯ ಒಂದು ಗುಳಿಗೆ ಹಾಕ್ತೀನಿ. ಒಂದು ತಟ್ಟೆಗೆ ತೊಂಬತ್ತಾರು ಗುಳಿ. ಮೇಲೆ ದ್ರಾವಣ ಬಿಟ್ಟು, ನಮ್ಮ ಮೈ ಎಷ್ಟು ಬಿಸಿಯೋ ಅಷ್ಟೇ ಬಿಸಿಯಿರೋ ಪೆಟ್ಟಿಗೆಯಲ್ಲಿ ಎರಡು ಗಂಟೆ ಇಡ್ತೀನಿ. ಆಮೇಲೆ ಕತ್ತಲೆ ಕೋಣೆಗೆ ಒಯ್ದು ನೇರಳಾತೀತ ದೀಪದ ಕೆಳಗೆ ಹಿಡೀತೀನಿ.

ನಾನು ಹುಡುಕೋದು ಒಂದೇ ಒಂದು ಕಿಣ್ವವನ್ನು. ಹಾಲಿನ ಸಕ್ಕರೆ ಇದೆಯಲ್ಲ, ಅದು ಹೊಟ್ಟೆಯಲ್ಲಿ ಎರಡಾಗಿ ಒಡೆಯುತ್ತೆ. ಒಂದು ಗ್ಲೂಕೋಸು, ಜೀವಕೋಶಕ್ಕೆ ಅದು ಸಿದ್ಧ ಉರುವಲು. ಇನ್ನೊಂದು ಗ್ಯಾಲಕ್ಟೋಸು, ಅದು ಬಂದ ಹಾಗೇ ಒಲೆಗೆ ಹಾಕೋ ಹಾಗಿಲ್ಲ. ಒಂದು ಕಿಣ್ವ ಅದನ್ನು ಹಿಡಿದು ಗುರುತು ಅಂಟಿಸುತ್ತೆ, ಮುಂದಿನದು, ಅದೇ ನಾನು ಹುಡುಕೋದು, ಅದನ್ನು ಇಸಕೊಂಡು ರೂಪ ಬದಲಾಯಿಸುತ್ತೆ, ಹೀಗೆ ಕೈಯಿಂದ ಕೈಗೆ ದಾಟಿ ದಾಟಿ ಅದೂ ಗ್ಲೂಕೋಸಿನ ದಾರಿಗೆ ಬೀಳುತ್ತೆ. ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಆ ಕೆಲಸವನ್ನು ಸೆಕೆಂಡಿಗೆ ಎಷ್ಟೋ ಸಲ ಮಾಡಿ, ತಾನು ಖರ್ಚಾಗದೆ ಮತ್ತೆ ಮುಂದಿನದಕ್ಕೆ ಕೈ ಚಾಚುತ್ತೆ. ಮೇಸ್ತ್ರಿ ಇಲ್ಲ, ಗಡಿಯಾರ ಇಲ್ಲ. ನಮ್ಮ ಲ್ಯಾಬಿನಲ್ಲಿ ಹನ್ನೊಂದು ಜನಕ್ಕೆ ಇಬ್ಬರು ಮೇಲಧಿಕಾರಿಗಳಿದ್ದೂ ಮಧ್ಯಾಹ್ನದೊಳಗೆ ಹಾಜರಿ ಪುಸ್ತಕ ಸಿಗಲ್ಲ!

ನನಗೆ ಇನ್ನೂ ಬೆರಗು ಹೋಗದೇ ಇರೋದು ಬೇರೆ ಸಂಗತಿಗೆ. ಮೂರು ದಿನ ಹಳೆಯ ರಕ್ತ, ಕಾಗದಕ್ಕೆ ಅಂಟಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತೆ. ಸತ್ತೇ ಹೋಗಿದೆ ಅಂತ ಯಾರಾದರೂ ಹೇಳ್ತಾರೆ. ಅದಕ್ಕೆ ಒಂದಿಷ್ಟು ನೀರು, ಒಂದಿಷ್ಟು ಬೆಚ್ಚಗೆ, ಮುಂದೆ ಒಂದು ಕೆಲಸ ಕೊಡಿ. ಎಲ್ಲಿಗೆ ಬಿಟ್ಟಿತ್ತೋ ಅಲ್ಲಿಂದಲೇ ಶುರು ಮಾಡುತ್ತೆ! ಕಿಣ್ವ ಕೆಲಸ ಮಾಡಿದರೆ ಗುಳಿಯಲ್ಲಿ ತಿಳಿನೀಲಿ ಬೆಳಕು ಮೂಡುತ್ತೆ. ಕಿಣ್ವ ಇಲ್ಲದಿದ್ದರೆ ಗುಳಿ ಕಪ್ಪಗೇ ಇರುತ್ತೆ. ಅಂಥ ಮಗು ಹಾಲು ಕುಡಿದಷ್ಟೂ, ಅರ್ಧಕ್ಕೆ ನಿಂತ ಸರಕು ಲಿವರಿನಲ್ಲಿ ರಾಶಿ ಬೀಳುತ್ತೆ. ಹತ್ತು ಹದಿನೈದು ದಿನದಲ್ಲಿ ಮಗು ಕೈ ತಪ್ಪಿ ಹೋಗಬಹುದು.

ಆದರೆ ಕಪ್ಪು ಗುಳಿಗೆ ಇನ್ನೊಂದು ಕಾರಣವೂ ಇರುತ್ತೆ. ಕಾರ್ಡಿಗೆ ಬಿಸಿ ತಾಗಿದರೆ ಕಿಣ್ವ ಸುರುಟಿಕೊಂಡು ಕೆಟ್ಟುಹೋಗುತ್ತೆ. ಊರಾಚೆಯ ಒಂದು ಹೆರಿಗೆ ಆಸ್ಪತ್ರೆಯಿಂದ ಎರಡು ತಿಂಗಳಲ್ಲಿ ಆರು ಕಾರ್ಡು ಹೀಗೆ ಕೆಟ್ಟು ಬಂದಿದ್ದವು. ಪತ್ತೆ ಮಾಡಿದರೆ ಏನಂತೀರಿ, ಸೂಜಿ ಕತ್ತರಿ ಕುದಿಸೋ ಪೆಟ್ಟಿಗೆಯ ನೆತ್ತಿಯ ಮೇಲೆ ಕಾರ್ಡುಗಳನ್ನು ಹರಡಿ ಒಣಗಿಸ್ತಿದ್ದರು. ಬೇಗ ಒಣಗುತ್ತಂತೆ! ನಾನು ಆ ವಾರ್ಡಿನ ಹಿರಿಯ ಸಿಸ್ಟರಿಗೆ ಫೋನ್ ಮಾಡಿ ಚೆನ್ನಾಗಿ ನೀರಿಳಿಸಿದೆ. “ರಕ್ತ ಒಣಗಿಸಿ ಅಂದ್ರೆ ಹುರಿದು ಕಳಿಸ್ತೀರಲ್ರೀ!” ಅಂದೆ. ಆಕೆ, “ಆಯ್ತು ಲ್ಯಾಬಿನಮ್ಮ, ಇನ್ಮೇಲೆ ನಾನೇ ನೋಡ್ಕೋತೀನಿ,” ಅಂದರು. ಒಡೆದ ಗಂಟಲಿನ ನಿಧಾನದ ಮಾತು. ಅದೂ ನನಗೆ ಸಿಟ್ಟೇ ತರಿಸಿತು.

ಅದಾಗಿ ಎರಡು ವಾರ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕತ್ತಲೆ ಕೋಣೆಯಲ್ಲಿ ತಟ್ಟೆ ಹಿಡಿದೆ. ಎಲ್ಲ ಹೊಳೀತಿವೆ, ಒಂದು ಕಪ್ಪು. ಕಾರ್ಡು ತೆಗೆದು ನೋಡಿದರೆ ಅದೇ ಆಸ್ಪತ್ರೆ. ಮೂಲೆಯಲ್ಲಿ ದುಂಡನೆ ಅಕ್ಷರದಲ್ಲಿ ‘ನೆರಳಲ್ಲಿ ಒಣಗಿಸಿದೆ, ನಾಲ್ಕು ಗಂಟೆ’ ಅಂತ ಬೇರೆ ಬರೆದಿದ್ದಾರೆ! ನನಗೆ ಮೈಯೆಲ್ಲ ಉರಿದುಹೋಯಿತು. ಫೋನೆತ್ತಿದೆ.

“ಈ ಸಲ ಬಿಸಿ ತಾಗಿಲ್ಲಮ್ಮ, ನನ್ನ ಕೈಯಾರೆ ಒಣಗಿಸಿದ್ದು,” ಅಂದರು ಸಿಸ್ಟರ್.

“ಹಾಗಾದ್ರೆ ನಮ್ಮ ದೀಪ ಸುಳ್ಳು ಹೇಳುತ್ತಾ?” ಅಂತ ಕೇಳಿ ಫೋನ್ ಕುಕ್ಕಿದೆ. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಬಿಸಿಗೆ ಕೆಟ್ಟಿದೆ, ಮತ್ತೆ ಕಳಿಸಿ’ ಅಂತ ಬರೆದು ತಿರಸ್ಕಾರದ ಡಬ್ಬಿಗೆ ಹಾಕಿ, ಟೀ ಕುಡಿಯೋಕೆ ಹೋದೆ.

ನಮ್ಮಲ್ಲಿ ಒಂದು ನಿಯಮ ಇದೆ. ಅದನ್ನು ಹೊಸಬರಿಗೆ ಬಾಯಿಪಾಠ ಮಾಡಿಸೋಳು ನಾನೇ. ಪಕ್ಕದ ಕೋಣೆಯಲ್ಲಿ ಅದೇ ಕಾರ್ಡಿನ ಇನ್ನೊಂದು ಬಿಲ್ಲೆಯಲ್ಲಿ ಬೇರೊಂದು ಕಿಣ್ವದ ಪರೀಕ್ಷೆ ನಡೆಯುತ್ತೆ. ಅದು ಸರಿಯಿದ್ದರೆ ಗುಳಿ ನೇರಳೆ ಬಣ್ಣಕ್ಕೆ ತಿರುಗುತ್ತೆ. ಬಿಸಿ ತಾಗಿದ್ದರೆ ಎರಡೂ ಕಿಣ್ವ ಸಾಯುತ್ತವೆ. ಆದ್ದರಿಂದ ಎರಡೂ ಫಲಿತಾಂಶ ಅಕ್ಕಪಕ್ಕ ಇಟ್ಟು ನೋಡದೆ ಯಾವ ಕಾರ್ಡನ್ನೂ ಕೆಟ್ಟದ್ದು ಅಂತ ಬರೆಯೋ ಹಾಗಿಲ್ಲ. ಬಣ್ಣದ ಪರೀಕ್ಷೆ ನೋಡಿಕೊಳ್ಳೋರು ನನ್ನದೇ ವಯಸ್ಸಿನ ಒಬ್ಬ ಮಹಾನುಭಾವ. ನಾವು ಇಟ್ಟ ಹೆಸರು ನಿಧಾನಪ್ಪ. ಪೆನ್ನಿನ ಟೋಪಿ ತೆಗೆಯೋಕೂ ಒಂದು ಮುಹೂರ್ತ ನೋಡೋ ಮನುಷ್ಯ. ಅವರ ತಟ್ಟೆ ಓದಿ ಆಗೋದು ಮರುದಿನ. ಕಾಯೋ ತಾಳ್ಮೆ ನನಗೆಲ್ಲಿಂದ ಬರಬೇಕು?

ಮಂಗಳವಾರ ಹನ್ನೆರಡಕ್ಕೆ ನಿಧಾನಪ್ಪ ನನ್ನ ಬಾಗಿಲಲ್ಲಿ ಬಂದು ನಿಂತರು. “ಮೇಡಂ, ಒಂದ್ನಿಮಿಷ.”

“ನಿಮ್ಮ ಒಂದ್ನಿಮಿಷ ಅಂದ್ರೆ ಅರ್ಧ ಗಂಟೆ. ಬೇಗ ಹೇಳಿ.”

“ಆ ಕಾರ್ಡನ್ನ ಬಿಸಿಗೆ ಕೆಟ್ಟಿದೆ ಅಂತ ಬರೆದಿದ್ದೀರಲ್ಲ…”

“ಹೂಂ, ಬರೆದಿದ್ದೀನಿ. ಏನೀಗ?”

“ನನ್ನ ತಟ್ಟೇಲಿ ಅದು ಒಳ್ಳೆ ನೇರಳೆ ಬಂದಿದೆ. ಎರಡು ಸಲ ಮಾಡಿ ನೋಡಿದೆ.”

ಬಿಸಿ ತಾಗಿದ್ದರೆ ಆ ಗುಳಿ ನೇರಳೆ ಬರೋ ಮಾತೇ ಇಲ್ಲ. ಕಾರ್ಡು ಚೆನ್ನಾಗಿದೆ. ಸಿಸ್ಟರ್ ಹೇಳಿದ್ದು ನಿಜ. ಕಿಣ್ವ ಇಲ್ಲದೇ ಇರೋದು ಮಗುವಿನಲ್ಲೇ. ನಾನು ಕೆಂಪು ಶಾಯಿಯಲ್ಲಿ ಬರೆದು ಆಗಲೇ ಇಪ್ಪತ್ತಾರು ಗಂಟೆ ಕಳೆದಿತ್ತು, ಆ ಇಪ್ಪತ್ತಾರು ಗಂಟೆಯೂ ಎಲ್ಲೋ ಒಂದು ಏಳು ದಿನದ ಕೂಸು ಹಾಲು ಕುಡೀತಾ ಇತ್ತು.

ನಂಬರು ಎರಡು ಸಲ ತಪ್ಪಿತು. ಸಿಸ್ಟರ್ ಎತ್ತಿದರು. ನಾನು ತೊದಲಿದ್ದನ್ನೆಲ್ಲ ಕೇಳಿಸಿಕೊಂಡರು. ‘ನಾನು ಹೇಳಲಿಲ್ವಾ’ ಅನ್ನೋ ಒಂದು ಮಾತು ಆ ಬಾಯಿಂದ ಬರಲಿಲ್ಲ ಕಣ್ರೀ. ನಾನಾಗಿದ್ದರೆ ಜನ್ಮ ಜಾಲಾಡಿಬಿಡ್ತಿದ್ದೆ. ಅವರು ಅಂದದ್ದು ಇಷ್ಟೇ: “ಮಗು ಮನೆಗೆ ಹೋಗಿದೆ. ವಿಳಾಸ ತೆಗೀತೀನಿ. ನೀವು ಟ್ಯಾಕ್ಸಿ ಹಿಡ್ಕೊಂಡು ನಮ್ಮ ಗೇಟ್ ಹತ್ರ ಬನ್ನಿ, ಒಟ್ಟಿಗೇ ಹೋಗೋಣ.” ದಾರಿಯುದ್ದಕ್ಕೂ ಆ ಮನೆಗೆ ಫೋನ್ ಮಾಡ್ತಾನೇ ಇದ್ದೆವು. ರಿಂಗಾಗ್ತಿತ್ತು, ಯಾರೂ ಎತ್ತಲಿಲ್ಲ.

ಟೈರ್ ಅಂಗಡಿಯ ಮೇಲೆ ಮೂರನೇ ಮಹಡಿಯ ಮನೆ. ಮೆಟ್ಟಿಲ ತುಂಬ ಸೈಕಲ್ಲು, ನೀರಿನ ಕ್ಯಾನು. ಸಿಸ್ಟರಿಗೆ ಅರವತ್ತರ ಹತ್ತಿರ, ಮೊಣಕಾಲು ನೋವು ಬೇರೆ. ಆದರೂ ನನಗಿಂತ ಮುಂದೆ ಹತ್ತಿದರು. ಬಾಗಿಲು ತೆಗೆದವರು ಬಾಣಂತಿಯ ಅತ್ತೆ. ಒಳಗೆ ಕಿಟಕಿ ಪಕ್ಕದ ಮಂಚದ ಮೇಲೆ ತಾಯಿ, ಇಪ್ಪತ್ತೈದರ ಒಳಗಿನ ಹುಡುಗಿ, ಕೂಸನ್ನು ಎದೆಗೆ ಹಿಡಿದು ಕೂತಿದ್ದಳು. ಕೂಸಿನ ಮುಖ ಹಳದಿ. ಕೈ ಜೋತುಬಿದ್ದಿದೆ. ಹಾಸಿಗೆಯ ಮೇಲೆ ಕಕ್ಕಿದ ಹಾಲು ಒರೆಸಿದ ಬಟ್ಟೆಗಳ ರಾಶಿ.

“ನಿನ್ನೆಯಿಂದ ಕುಡಿದದ್ದೆಲ್ಲ ಕಕ್ತಾ ಇದೆ ಸಿಸ್ಟರ್,” ಅಂದಳು, ನಮ್ಮನ್ನು ದೇವರೇ ಕಳಿಸಿದ ಅನ್ನೋ ಹಾಗೆ. “ಹೊಟ್ಟೇಲಿ ಏನೂ ನಿಲ್ತಾ ಇಲ್ಲ. ಅದಕ್ಕೇ ಗಂಟೆಗೊಮ್ಮೆ ಕುಡಿಸ್ತಾ ಇದ್ದೀನಿ.”

“ನಿಲ್ಸಿ!” ಅಂತ ಕಿರುಚಿದೆ. “ಹಾಲು ಕೊಡಬೇಡಿ, ಒಂದು ಹನೀನೂ ಕೊಡಬೇಡಿ!”

ಹುಡುಗಿ ಬೆಚ್ಚಿ ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಅತ್ತೆ ನನ್ನ ಮತ್ತು ಮಂಚದ ನಡುವೆ ಬಂದು ನಿಂತರು. “ಹೆತ್ತ ತಾಯಿ ಹಾಲು ಕೊಡಬೇಡ ಅನ್ನೋಕೆ ನೀವ್ಯಾರಮ್ಮ? ತಲೆ ನೆಟ್ಟಗಿದೆಯಾ?”

ಸಿಸ್ಟರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಮಂಚದ ಅಂಚಿಗೆ ಕೂತು, ಕೂಸಿನ ಕಟವಾಯಿ ಒರೆಸಿ, ಅದೇ ಒಡೆದ ಗಂಟಲಿನಲ್ಲಿ ಹೇಳಿದರು. “ನೋಡು ತಾಯೀ, ನೀನು ಮಾಡಿದ್ದೆಲ್ಲ ಸರಿಯೇ. ಈ ಕೂಸಿಗೆ ಹಾಲು ಅರಗಿಸೋ ಒಂದು ವಸ್ತು ಹುಟ್ಟಿನಿಂದ ಬಂದಿಲ್ಲ. ಅದಕ್ಕೆ ಬೇರೆ ಆಹಾರ ಇದೆ. ಈಗ ನನ್ನ ಜೊತೆ ಆಸ್ಪತ್ರೆಗೆ ಬಾ. ದಾರಿ ಪೂರ್ತಿ ಕೂಸು ನಿನ್ನ ಮಡಿಲಲ್ಲೇ ಇರಲಿ.” ಹುಡುಗಿ ಅವರ ಮುಖ ನೋಡಿದಳು, ಎದ್ದಳು. ನಾನು ಗಂಟಲು ಹರಿದುಕೊಂಡರೂ ಆಗದ್ದು ಅವರಿಂದ ನಾಲ್ಕು ಮಾತಿನಲ್ಲಿ ಆಯಿತು.

ಆಸ್ಪತ್ರೆಯ ಡಾಕ್ಟರು ಕೂಸಿನ ಹೊಟ್ಟೆ ಮುಟ್ಟಿ ನೋಡಿ ಮುಖ ಗಂಟು ಹಾಕಿದರು. ಲಿವರ್ ಊದಿದೆ, ಎರಡು ಮೂರು ದಿನ ಏನೂ ಹೇಳೋಕಾಗಲ್ಲ ಅಂದರು. ಗ್ಲೂಕೋಸಿನ ಡ್ರಿಪ್ ಹಾಕಿ, ಹಾಲಿನ ಸಕ್ಕರೆ ಒಂಚೂರೂ ಇಲ್ಲದ ಸೋಯಾ ಪುಡಿಯ ಆಹಾರ ಶುರು ಮಾಡಿದರು. ಖಾತ್ರಿಗೆ ಅಂತ ಮತ್ತೆ ರಕ್ತ ತೆಗೆದು ಇನ್ನೊಂದು ಕಾರ್ಡು ಮಾಡಿದರು.

ಮರುದಿನ ಆ ಕಾರ್ಡು ಹಿಡಿದುಕೊಂಡು ಕೂಸಿನ ಅಪ್ಪನೇ ನಮ್ಮ ಲ್ಯಾಬಿಗೆ ಬಂದ. ಅಂಚೆ ಕಚೇರಿಯಲ್ಲಿ ಪಾರ್ಸಲ್ ವಿಂಗಡಿಸೋ ಕೆಲಸದವನು. “ಅಂಚೆಯವರೇ ಅಂಚೆ ನಂಬಲಿಲ್ವಾ?” ಅಂದೆ. “ಇದೊಂದನ್ನ ನಂಬಲಿಲ್ಲ ಮೇಡಂ,” ಅಂದ. ನಿದ್ದೆಯಿಲ್ಲದ ಕಣ್ಣು ಕೆಂಪಾಗಿತ್ತು. ತಟ್ಟೆ ಬಿಸಿಪೆಟ್ಟಿಗೆಯಲ್ಲಿದ್ದ ಎರಡು ಗಂಟೆಯೂ ನನ್ನ ಮೇಜಿನೆದುರು ಟೋಪಿ ಮಡಿಚುತ್ತಾ ಬಿಡಿಸುತ್ತಾ ಕೂತಿದ್ದ. ಸಮಯವಾದಾಗ, ನಿಯಮಕ್ಕೆ ವಿರುದ್ಧವೇ ಅನ್ನಿ, ಅವನನ್ನೂ ಕತ್ತಲೆ ಕೋಣೆಗೆ ಕರೆದುಕೊಂಡು ಹೋದೆ.

ದೀಪ ಹಾಕಿದೆ. ಸಾಲು ಸಾಲಾಗಿ ನೀಲಿ ಚುಕ್ಕೆಗಳು ಹೊತ್ತಿಕೊಂಡವು.

“ಅಯ್ಯೋ, ಏನಿದು!” ಅಂದ ಅವನು. ತಾನು ಯಾಕೆ ಬಂದಿದ್ದೀನಿ ಅನ್ನೋದೇ ಅವನಿಗೆ ಒಂದು ಗಳಿಗೆ ಮರೆತುಹೋಯಿತು.

“ಒಂದೊಂದೂ ಒಂದೊಂದು ಮಗು,” ಅಂದೆ. “ಈ ಕ್ಷಣ ಅವೆಲ್ಲ ಎಲ್ಲೆಲ್ಲೋ ಮಲಗಿವೆ, ಅಳ್ತಿವೆ. ಅವುಗಳ ರಕ್ತದ ಕಿಣ್ವ ಮಾತ್ರ ಇಲ್ಲಿ ನಮ್ಮೆದುರು ಕೆಲಸ ಮಾಡ್ತಿದೆ. ನನಗೂ ಇಷ್ಟು ವರ್ಷ ಆದ್ರೂ ನೋಡಿ ಸಾಕಾಗಿಲ್ಲ.”

ಅವನ ಬೆರಳು ತಟ್ಟೆಯ ಮೇಲೆ ಸರಿದು ಆರನೇ ಸಾಲಿನಲ್ಲಿ ನಿಂತಿತು. ಅಲ್ಲಿ ಕಪ್ಪು. “ಇದು ನಮ್ಮದು ಅಲ್ವಾ?”

“ಹೌದಪ್ಪಾ.”

ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದ. “ನಮ್ಮಲ್ಲಿ ಒಬ್ಬ ರಜೆ ಹಾಕಿದ್ರೆ ಅವನ ಮೇಜಿನ ಮೇಲೆ ಪಾರ್ಸಲ್ ರಾಶಿ ಬೀಳುತ್ತೆ. ಹಿಂದಿನವನು ಕಳಿಸ್ತಾನೇ ಇರ್ತಾನೆ. ಕೊನೆಗೆ ಓಡಾಡೋಕೂ ಜಾಗ ಇರಲ್ಲ. ಒಳಗೆ ಹಾಗೇ ಆಗಿದೆಯಾ ಮೇಡಂ?”

“ನಾನು ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.”

“ಆ ಮೇಜಿಗೆ ಹೋಗೋ ಪಾರ್ಸಲ್ಲೇ ನಿಲ್ಲಿಸಿಬಿಟ್ರೆ?”

“ಅದನ್ನೇ ಮಾಡಿದ್ದೀವಿ. ಇರೋ ರಾಶೀನ ದೇಹ ತಾನೇ ನಿಧಾನವಾಗಿ ಹೊರಗೆ ಹಾಕುತ್ತೆ. ನಿಮ್ಮ ಮಗಳಿಗೆ ಒಂದು ಕಿಣ್ವ ಇಲ್ಲ, ನಿಜ. ಉಳಿದದ್ದು ಸಾವಿರಾರು ಇವೆ. ಉಸಿರು, ಬಿಸಿ, ಅಳು, ಬೆಳವಣಿಗೆ, ಎಲ್ಲ ಅವೇ ನಡೆಸ್ತಿವೆ. ಏಳು ದಿನ ಅಷ್ಟು ಭಾರ ಹೊತ್ತುಕೊಂಡೂ ಅವು ಕೈಬಿಟ್ಟಿಲ್ಲ ನೋಡಿ.”

ಅವನು ಕತ್ತಲಲ್ಲೇ ಅಂಗಿ ತೋಳಿನಲ್ಲಿ ಕಣ್ಣೊರೆಸಿಕೊಂಡ. ನಾನು ಏನೋ ಸರಿಪಡಿಸೋಳ ಹಾಗೆ ದೀಪದ ಕಡೆ ತಿರುಗಿದೆ. ಅವನಿಗೆ ಇಪ್ಪತ್ತಾರು ಗಂಟೆಯ ವಿಷಯ ಗೊತ್ತಿರಲಿಲ್ಲ.

ನಿಧಾನಪ್ಪ, ಸಿಸ್ಟರ್ ಇಬ್ಬರನ್ನು ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನಿಧಾನಪ್ಪ ಮಂಗಳವಾರ ಸಂಜೆಯೇ ಬಂದು, “ನಾನಂತೂ ಬಾಯಿ ಬಿಡಲ್ಲ ಮೇಡಂ,” ಅಂದಿದ್ದರು. ಸಿಸ್ಟರ್ ಕೂಡ, “ಬಿಡಿ ಲ್ಯಾಬಿನಮ್ಮ, ಕೂಸು ಮೊದಲು ಉಳೀಲಿ,” ಅಂದಿದ್ದರು. ಊರಿಗೆಲ್ಲ ಬೈದುಕೊಂಡು ಓಡಾಡೋ ನನ್ನನ್ನು ಬೈಯೋರು ಒಬ್ಬರೂ ಇರಲಿಲ್ಲ. ಮನೆಯಲ್ಲಿ ಯಜಮಾನರ ಮುಂದೆ ಅತ್ತುಬಿಟ್ಟೆ. ಅವರು ಆ ದಿನ ತಮಾಷೆ ಮಾಡಲಿಲ್ಲ. ಅದೇ ಇನ್ನೂ ಸಂಕಟವಾಯಿತು.

ದಿನಾ ಕೆಲಸ ಮುಗಿಸಿ ವಾರ್ಡಿಗೆ ಹೋಗ್ತಿದ್ದೆ. ಗುರುವಾರ ಕಕ್ಕೋದು ನಿಂತಿತು. ಶುಕ್ರವಾರ ಹಳದಿ ಒಂದಿಷ್ಟು ಇಳಿಯಿತು. ಶನಿವಾರ ನಾನು ಮೆಟ್ಟಿಲು ಹತ್ತುವಾಗಲೇ ಕೂಸಿನ ಅಳು ಕೇಳಿಸಿತು. ಎಂಥ ಗಂಟಲು ಅಂತೀರಿ, ಥೇಟ್ ನನ್ನ ಹಾಗೆ! ಲಿವರ್ ಊತ ಇಳೀತಿದೆ, ಅಪಾಯ ದಾಟಿದ ಹಾಗೆ ಅಂದರು ಡಾಕ್ಟರು. ಮುಂದೆ ಕಣ್ಣು, ಮಾತು, ಬೆಳವಣಿಗೆ ಎಲ್ಲ ವರ್ಷಗಟ್ಟಲೆ ನೋಡ್ತಾ ಇರಬೇಕು ಅಂತಲೂ ಎಚ್ಚರಿಸಿದರು. ಹನ್ನೊಂದು ದಿನದ ಕೂಸಿನ ಲಿವರ್ ತನ್ನನ್ನು ತಾನೇ ಅಷ್ಟು ಬೇಗ ರಿಪೇರಿ ಮಾಡಿಕೊಂಡದ್ದನ್ನು ನೋಡಿ, ಇಷ್ಟು ದಿನ ನಾನು ಆ ಜೀವಕೋಶಗಳನ್ನು ಹೊಗಳಿದ್ದು ಕಡಿಮೆಯೇ ಆಯಿತು ಅನ್ನಿಸಿತು.

ತಾಯಿ ಮಾತ್ರ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಎದೆ ಕಟ್ಟಿ ನೋವಾಗಿ, ಹಾಲು ಹಿಂಡಿ ಬಟ್ಟಲಿಗೆ ತೆಗೆದಿದ್ದಳು. “ಇದು ವಿಷಾನಾ ಸಿಸ್ಟರ್?” ಅಂತ ಕೇಳಿದಳು.

“ಥೂ, ಬಿಡ್ತು ಅನ್ನು!” ಅಂದರು ಸಿಸ್ಟರ್. “ಆ ಮೂಲೆ ಮಂಚದ್ದು ಎಂಟೇ ತಿಂಗಳಿಗೆ ಹುಟ್ಟಿದ ಮಗು. ಅದರ ತಾಯಿಗೆ ಹಾಲೇ ಇಳಿದಿಲ್ಲ. ಡಾಕ್ಟರನ್ನ ಕೇಳಿದ್ದೀನಿ, ನಿನ್ನ ರಕ್ತ ಪರೀಕ್ಷೇನೂ ಆಗಿದೆ. ನೀನು ಹೂಂ ಅಂದ್ರೆ ಆ ಮಗುವಿಗೆ ಕೊಡ್ತೀನಿ.” ಹುಡುಗಿ ಬಟ್ಟಲನ್ನೂ ಮೂಲೆಯ ಮಂಚವನ್ನೂ ನೋಡಿ ತಲೆಯಾಡಿಸಿದಳು. ಸಿಸ್ಟರ್ ಎರಡೂ ಕೈಯಲ್ಲಿ ಬಟ್ಟಲು ಎತ್ತಿಕೊಂಡು ಹೋದರು. ಅವರ ಬೆನ್ನು ನೋಡ್ತಾ ನಿಂತವಳಿಗೆ, ಇಂಥವರಿಗೆ ನಾನು ಸುಳ್ಳುಗಾತಿ ಅನ್ನೋ ಹಾಗೆ ಮಾತಾಡಿದೆನಲ್ಲ ಅಂತ ನಾಚಿಕೆಯಾಯಿತು. ಇನ್ನು ಹೇಳದಿದ್ದರೆ ಎಂದಿಗೂ ಹೇಳೋಕಾಗಲ್ಲ ಅಂತ ಗೊತ್ತಾಯಿತು.

ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತೆ. “ಒಂದು ವಿಷಯ ಹೇಳಬೇಕಮ್ಮ,” ಅಂದೆ. “ನಿನ್ನ ಕೂಸಿನ ಕಾರ್ಡು ಕಪ್ಪು ಅಂತ ನಾನು ಸೋಮವಾರ ಬೆಳಿಗ್ಗೆ ಹತ್ತಕ್ಕೇ ನೋಡಿದ್ದೆ. ಸಿಸ್ಟರ್ ತಪ್ಪು ಮಾಡಿದ್ದಾರೆ ಅಂತ ಕೋಪ ಮಾಡ್ಕೊಂಡು ಕಾರ್ಡನ್ನ ಬಿಸಾಕಿದೆ. ಇನ್ನೊಂದು ಪರೀಕ್ಷೆಗೆ ಕಾಯಬೇಕಿತ್ತು, ಕಾಯಲಿಲ್ಲ. ಫೋನಿನಲ್ಲಿ ಅವರ ಮಾತು ಕೇಳಬೇಕಿತ್ತು, ಕೇಳಲಿಲ್ಲ. ನಾನು ನಿಮ್ಮ ಮನೆಗೆ ಬಂದದ್ದು ಮಂಗಳವಾರ ಮಧ್ಯಾಹ್ನ. ಆ ಮಧ್ಯದ್ದೆಲ್ಲ ನನ್ನ ತಪ್ಪು. ನಿನ್ನದಲ್ಲ, ಬೇರೆ ಯಾರದ್ದೂ ಅಲ್ಲ.”

ಅವಳು ನನ್ನನ್ನೇ ನೋಡಿದಳು. ಬೈತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗ್ತಿತ್ತು. ಹೆಬ್ಬೆರಳನ್ನು ಬೆರಳ ಗೆಣ್ಣಿನಿಂದ ಗೆಣ್ಣಿಗೆ ಸರಿಸ್ತಾ, ತುಟಿಯೊಳಗೇ ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದಕ್ಕೆ ಹೋದಳು.

“ಇಪ್ಪತ್ತೊಂದು ಸಲ ಕುಡಿಸಿದ್ದೀನಿ,” ಅಂದಳು. “ಆ ಮಧ್ಯದಲ್ಲಿ. ಇಪ್ಪತ್ತೊಂದು ಸಲ.”

ನನ್ನ ಕಣ್ಣೀರು ತಾನಾಗೇ ಸುರೀತು. ಅಷ್ಟರಲ್ಲಿ ಕೂಸು ಎದ್ದು ಹಸಿವಿಗೆ ರಂಪ ಶುರು ಮಾಡಿತು. ಹುಡುಗಿ ಮೇಜಿನ ಮೇಲಿದ್ದ ಸೋಯಾ ಬಾಟಲಿ ತೆಗೆದು, ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ಬಿಸಿ ನೋಡಿದಳು. ಕೂಸನ್ನು ಎತ್ತಿದಳು. ಆಮೇಲೆ ಅದನ್ನು ತನ್ನ ಮಡಿಲಿಗೆ ಹಾಕಿಕೊಳ್ಳದೆ, ನನ್ನ ಮಡಿಲಿಗೆ ಹಾಕಿದಳು. ಬಾಟಲಿಯನ್ನು ನನ್ನ ಕೈಗಿಟ್ಟಳು.

“ಅಳಬೇಡಿ. ಈ ಸಲದ್ದು ನೀವು ಕುಡಿಸಿ,” ಅಂದಳು.

ಕೂಸು ಬಾಟಲಿಯ ತುದಿಯನ್ನು ಗಬಕ್ಕನೆ ಕಚ್ಚಿಕೊಂಡಿತು. ಒಂದೊಂದು ಗುಟುಕಿಗೂ ಅದರ ಕಿವಿ ಅಲುಗ್ತಿತ್ತು. ಅದು ಪೂರ್ತಿ ಕುಡಿದು ಮುಗಿಸೋ ತನಕ ಆ ತಾಯಿ ನನ್ನ ಕೈಯ ಮೇಲಿನ ಕಣ್ಣು ತೆಗೆಯಲಿಲ್ಲ.